ಯಾವುದರಿಂದ ಯಾವುದಕ್ಕೆ

"ಬುದ್ಧಿ, 'ಬಲೆಯೊಳಗಣ ನೀರು ಯಾರದು' ಅನ್ನೋ ಪದಕ್ಕೆ ನಿಮ್ಮ ಗುರುಗಳು ಏನು ಅರ್ಥ ಹೇಳಿದ್ರು? ಇವತ್ತಾದ್ರೂ ಹೇಳಿಬಿಡಿ" ಎಂದು ಪರಶಿವಮೂರ್ತಿ ಕೇಳಿದ.

ಕೇಳಿದ್ದು ಸಿದ್ಧಬೋರಯ್ಯನವರನ್ನು. ಅವರು ತತ್ವಪದ ಹಾಡುವ ಗುರು. ಅವರ ಪರಂಪರೆಯಲ್ಲಿ ಪದವನ್ನು ಎಲ್ಲರ ಮುಂದೆ ಹಾಡುತ್ತಾರೆ. ಅದರ ಅರ್ಥವನ್ನು ಮಾತ್ರ ಗುರುವಾದವನು ಒಬ್ಬ ಶಿಷ್ಯನ ಕಿವಿಯಲ್ಲಿ ಹೇಳುತ್ತಾನೆ. ಬರೆದಿಡುವ ಪದ್ಧತಿಯಿಲ್ಲ. ಹಾಗೆ ಕಿವಿಯಿಂದ ಕಿವಿಗೆ ಇಳಿದು ಬಂದ ಅರ್ಥ ಈಗ ಸಿದ್ಧಬೋರಯ್ಯನವರೊಬ್ಬರ ಬಳಿ ಇತ್ತು. ಅವರಿಗೋ ವಯಸ್ಸಾಗಿ ನೆನಪು ಕೈಕೊಡುತ್ತಿತ್ತು. ಉಂಡು ಕೈತೊಳೆದು ಬಂದು, ಊಟಕ್ಕೆ ಏಳೋಣವೇ ಎಂದು ಕೇಳುತ್ತಿದ್ದರು. ಇನ್ನು ತಡಮಾಡಿದರೆ ಪದ ಉಳಿದು ಅರ್ಥ ಹೋಗಿಬಿಡುತ್ತದೆ ಎಂದು ಹೆದರಿದ ಶಿಷ್ಯ ಪರಶಿವಮೂರ್ತಿ, ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ರಜೆ ಹಾಕಿ ಬಂದು ಗುರುಗಳ ಮಠದಲ್ಲೇ ಉಳಿದುಕೊಂಡಿದ್ದ.

ಬಂದವನು ಸುಮ್ಮನೆ ಕೂರುವವನಲ್ಲ. ಚೆನ್ನಾಗಿ ಓದಿಕೊಂಡಿದ್ದ. ಗುರುಗಳಿಗೆ ನೆನಪಾಗಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ದಿನಾ ಬೆಳಗ್ಗೆ ಅವರೆದುರು ಕೂತು, ಆ ಪದಕ್ಕೆ ತಾನು ಕಟ್ಟಿಕೊಂಡ ಅರ್ಥವನ್ನು ಬಿಡಿಸಿ ಹೇಳುತ್ತಿದ್ದ. ಬಲೆ ಎಂದರೆ ಸಂಸಾರ, ನೀರು ಎಂದರೆ ಜೀವ, ಬೆಸ್ತ ಎಂದರೆ ಕಾಲ. "ಹೀಗೇ ಅಲ್ವಾ ಬುದ್ಧಿ?" ಎನ್ನುತ್ತಿದ್ದ. ಗುರುಗಳು ಬಾಯಿ ತೆರೆಯುವಷ್ಟರಲ್ಲಿ ಅವನಿಗೆ ಇನ್ನೊಂದು ಹೊಳೆದಿರುತ್ತಿತ್ತು. ಪಾಠ ಹೇಳಿ ಹೇಳಿ ಪಳಗಿದ ನಾಲಿಗೆ. ಒಮ್ಮೆ ಹೊರಟರೆ ಊಟದ ಗಂಟೆ ಹೊಡೆಯುವ ತನಕ ನಿಲ್ಲುತ್ತಿರಲಿಲ್ಲ. ಗುರುಗಳು ತಲೆಯಾಡಿಸುತ್ತ ಕೇಳುತ್ತಿದ್ದರು. ಇವನು ಅದನ್ನು ಒಪ್ಪಿಗೆಯೆಂದೇ ತಿಳಿದಿದ್ದ.

ಅವತ್ತು ಗುರುಗಳು ಅವನ ಕಡೆ ತಿರುಗಿ ಕೂತರು.

"ಮೊನ್ನೆ ಒಬ್ಬ ಗೃಹಸ್ಥ ಬಂದಿದ್ನಲ್ಲ, ಜಗಲಿ ಮೇಲೆ ಕೂತು ಅಷ್ಟೊಂದು ಅತ್ತನಲ್ಲ, ಅವನ ಕತೆ ಹೇಳ್ತೀನಿ ಕೇಳು. ನಡುವೆ ಬಾಯಿ ಹಾಕ್ಬೇಡ" ಎಂದರು.

ತನ್ನ ಪ್ರಶ್ನೆಗೂ ಯಾವನೋ ಗೃಹಸ್ಥನಿಗೂ ಏನು ಸಂಬಂಧ ಎಂದು ಪರಶಿವಮೂರ್ತಿಗೆ ಕಸಿವಿಸಿಯಾಯಿತು. ಗುರುಗಳ ಮಾತು ಮೀರಲಾರದೆ ಸುಮ್ಮನಾದ. ಉಂಡದ್ದನ್ನು ಮರೆಯುತ್ತಿದ್ದ ಗುರುಗಳು ಆ ಅಳುವನ್ನು ಮಾತ್ರ ಮರೆತಿರಲಿಲ್ಲ. ಅವರು ಹೇಳಿದ ಕತೆ ಇದು.

ಒಬ್ಬ ಗೃಹಸ್ಥನಿದ್ದ. ಅವನ ಹೆಂಡತಿ ಸೋಬಾನೆ ಪದ ಹಾಡುವವಳು. ಸುತ್ತಮುತ್ತ ಯಾರ ಮನೆಯ ಮದುವೆಯಾದರೂ ಮದುಮಗಳನ್ನು ಹಸೆಗೆ ಕರೆಯುವ ಪದವನ್ನು ಅವಳೇ ಹಾಡಬೇಕು. ಅಂಥವಳ ಗಂಟಲಲ್ಲಿ ಗಡ್ಡೆ ಎದ್ದಿತು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಹೋಗುತ್ತದೆ ಎಂದರು ಡಾಕ್ಟರು. ಜೀವ ಉಳಿಯಲಿ ಎಂದರು ಇಬ್ಬರೂ.

ಆಸ್ಪತ್ರೆಗೆ ಹೋಗುವ ಮೊದಲು ಅವಳು ತನಗೆ ಬರುವ ಪದಗಳನ್ನೆಲ್ಲ ಹಾಡಿದಳು. ಅವನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ. ಕೊನೆಯಲ್ಲಿ ಮಗಳ ಮದುವೆಗೆಂದೇ, ಮಗಳ ಹೆಸರು ಹಿಡಿದು, ಹಸೆಗೆ ಕರೆಯುವ ಪದ ಹಾಡಿದಳು. ಮಗಳಿಗೆ ಆಗಿನ್ನೂ ಗಂಡು ಗೊತ್ತಾಗಿರಲಿಲ್ಲ. ಗಂಡಿನ ಹೆಸರು ಬರಬೇಕಾದ ಕಡೆ ಬರೀ 'ಅಳಿಯ' ಎಂದು ಹಾಡಿ, ತಡೆಯಲಾರದೆ ನಕ್ಕುಬಿಟ್ಟಳು. ಆ ನಗುವೂ ರೆಕಾರ್ಡಿನಲ್ಲಿ ಸೇರಿತು.

ಇದನ್ನೆಲ್ಲ ಇಡಲು ಅವನು ಮನೆಯಲ್ಲೇ ಒಂದು ಸರ್ವರ್ ಕೂರಿಸಿದ. ಅದೊಂದು ಸಣ್ಣ ಪೆಟ್ಟಿಗೆ. ಒಳಗೆ ದೊಡ್ಡ ಡಿಸ್ಕುಗಳು. ಇಟ್ಟದ್ದೆಲ್ಲ ಇರುವುದು ಅವುಗಳಲ್ಲಿ. ಜೊತೆಗೆ ಒಂದು ಚಿಕ್ಕ ಡಿಸ್ಕು. ಅದರಲ್ಲಿ ಹಾಡಿಲ್ಲ, ಫೋಟೊ ಇಲ್ಲ. ಯಂತ್ರವನ್ನು ಎಬ್ಬಿಸುವುದಷ್ಟೇ ಅದರ ಕೆಲಸ. ನಾಳೆ ರಿಪೇರಿಗೆಂದು ದೊಡ್ಡ ಡಿಸ್ಕು ಯಾರ ಕೈಗೋ ಹೋದರೆ ಹೆಂಡತಿಯ ದನಿಯನ್ನು ಕಂಡಕಂಡವರು ಕೇಳಬಾರದು ಎಂದು ಅವುಗಳಿಗೆ ಬೀಗ ಹಾಕಿದ. ಆ ಬೀಗದ ಕೈ ಲೋಹದ್ದಲ್ಲ, ಯಾರೂ ಊಹಿಸಲಾರದ ಉದ್ದನೆಯ ಅಕ್ಷರಮಾಲೆ. ಅದು ಚಿಕ್ಕ ಡಿಸ್ಕಿನಲ್ಲಿ ಕೂತಿತ್ತು. ಅದರ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಟ್ಟುಕೊ ಎಂದು ಯಂತ್ರ ಅವತ್ತೇ ಹೇಳಿತ್ತು. ಆಮೇಲೆ ನೋಡೋಣ ಎಂದುಕೊಂಡ. ಎಲ್ಲ ಭದ್ರವಾಯಿತು ಎಂಬ ಧೈರ್ಯದಲ್ಲಿ ಫೋನಿನಲ್ಲಿದ್ದದ್ದನ್ನು ಅಳಿಸಿದ.

ಹೆಂಡತಿ ಬದುಕಿ ಬಂದಳು. ದನಿ ಹೋಯಿತು. ಮಗಳಿಗೆ ಗಂಡು ಗೊತ್ತಾಗಿ ಮದುವೆ ಹತ್ತಿರ ಬಂತು. ಬೇರೆ ಯಾರನ್ನೂ ಹಾಡಲು ಕರೆಯಬೇಡಿ, ನನ್ನ ಪದವನ್ನೇ ಹಾಕಿ ಎಂದು ಅವಳು ಕೈಸನ್ನೆಯಲ್ಲಿ ಎಲ್ಲರಿಗೂ ಹೇಳಿಯಾಗಿತ್ತು.

ಆಗ ಚಿಕ್ಕ ಡಿಸ್ಕು ಕಾಯಿಲೆ ಬಿದ್ದಿತು. ಯಂತ್ರ ಏಳುವಾಗ ತಡವರಿಸತೊಡಗಿತು. ಕೊನೆಗೆ ಏಳುವುದನ್ನೇ ನಿಲ್ಲಿಸಿತು. ಗೃಹಸ್ಥ ಗಾಬರಿಯಾಗಿ ತಿಳಿದವರನ್ನು ಕೇಳಿದ. ದೊಡ್ಡ ಡಿಸ್ಕುಗಳಿಗೆ ಏನೂ ಆಗಿಲ್ಲ, ಹೆದರಬೇಡ ಎಂದರು. ಚಿಕ್ಕದರಲ್ಲಿ ಇನ್ನೂ ಉಸಿರಿದೆ, ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಓದಲು ಬರುತ್ತದೆ. ಪೂರ್ತಿ ಹೋಗುವ ಮೊದಲು ಅದರಲ್ಲಿರುವುದನ್ನು ಹೊಸ ಡಿಸ್ಕಿಗೆ ನಕಲು ಮಾಡಿ ಬದಲಾಯಿಸಿಬಿಡು ಎಂದರು.

ಅವನು ಎಚ್ಚರದ ಮನುಷ್ಯ. ಹಳೆಯದು ಯಾವ ಕಂಪನಿಯದೋ ಅದೇ ಕಂಪನಿಯ, ಅದೇ ಅಳತೆಯ ಹೊಸ ಡಿಸ್ಕನ್ನು ಹುಡುಕಿ ತಂದ. ಎರಡನ್ನೂ ಕಂಪ್ಯೂಟರಿಗೆ ಜೋಡಿಸಿದ. ಪರದೆಯ ಮೇಲೆ ಒಂದರ ಕೆಳಗೊಂದು ಎರಡು ಹೆಸರು ಮೂಡಿದವು. ಎರಡೂ ಒಂದೇ ಹೆಸರು. ಯಾವುದರಿಂದ ಯಾವುದಕ್ಕೆ ಎಂದು ಕಂಪ್ಯೂಟರು ಕೇಳಿತು.

ಮಗಳ ಲಗ್ನಪತ್ರಿಕೆ ಅವತ್ತೇ ಅಚ್ಚಾಗಿ ಬಂದಿತ್ತು. ಹೆಂಡತಿ ಪಕ್ಕದಲ್ಲೇ ಕೂತು ಅದರ ಮೂಲೆಗಳಿಗೆ ಅರಿಶಿನ ಹಚ್ಚುತ್ತಿದ್ದಳು. ಪತ್ರಿಕೆಯಲ್ಲಿ ತೀರಿಕೊಂಡ ಅಜ್ಜನ ಹೆಸರು ಎಲ್ಲಕ್ಕಿಂತ ಮೇಲೆ, ದೊಡ್ಡಪ್ಪನದು ಅದರ ಕೆಳಗೆ, ಗೃಹಸ್ಥನದು ಅದಕ್ಕೂ ಕೆಳಗೆ. ಹಿರಿಯರ ಹೆಸರು ಮೇಲಿರಬೇಕು ಎಂಬುದು ಅವನಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ಪರದೆಯಲ್ಲೂ ಮೇಲಿರುವುದೇ ಹಳೆಯದು, ಕೆಳಗಿರುವುದು ಹೊಸದು ಎಂದುಕೊಂಡ. ಪಾಪ, ಕಂಪ್ಯೂಟರಿಗೆ ಹಿರಿಯರು ಕಿರಿಯರು ಎಂಬ ಮರ್ಯಾದೆ ಎಲ್ಲಿಂದ ಬರಬೇಕು? ಅದು ಹೊಸದನ್ನು ಮೇಲೆ ಬರೆದಿತ್ತು.

ಮೇಲಿನದರಿಂದ ಕೆಳಗಿನದಕ್ಕೆ ಎಂದು ಒತ್ತಿದ. ಕೆಳಗಿನದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಸರಿಯೇ ಎಂದು ಕಂಪ್ಯೂಟರು ಮತ್ತೊಮ್ಮೆ ಕೇಳಿತು. ಹೊಸ ಡಿಸ್ಕಿನಲ್ಲಿ ಅಳಿಸುವುದಕ್ಕೆ ಏನು ಮಣ್ಣಿದೆ ಎಂದು ನಕ್ಕು, ಸರಿ ಎಂದ. ನಕಲು ಮುಗಿಯಿತು. ಒಂದು ತಪ್ಪೂ ಇಲ್ಲದೆ ಮುಗಿಯಿತು ಎಂದು ಕಂಪ್ಯೂಟರು ತಿಳಿಸಿತು. ಅವನು ಹೆಂಡತಿಯ ಕಡೆ ತಿರುಗಿ, ಆಯಿತು ಎಂದು ತಲೆಯಾಡಿಸಿದ. ಅವಳು ಅರಿಶಿನದ ಕೈಯಲ್ಲೇ ದೇವರಿಗೆ ಮುಗಿದಳು.

ಹೊಸ ಡಿಸ್ಕನ್ನು ಪೆಟ್ಟಿಗೆಗೆ ಹಾಕಿದ. ಯಂತ್ರ ಏಳಲಿಲ್ಲ. ಹಳೆಯದನ್ನೇ ಹಾಕಿದ. ಏಳಲಿಲ್ಲ. ಪೆಟ್ಟಿಗೆಯನ್ನೂ ಎರಡು ಡಿಸ್ಕನ್ನೂ ಹೊತ್ತುಕೊಂಡು ರಿಪೇರಿ ಅಂಗಡಿಗೆ ಓಡಿದ. ಅಂಗಡಿಯವನು ಬಹಳ ಹೊತ್ತು ನೋಡಿದ. ಆಮೇಲೆ ಕೈಕಟ್ಟಿ ಕೂತ.

"ಕಾಪಿ ಸರಿಯಾಗಿ ಆಗಿಲ್ವಾ?" ಎಂದು ಗೃಹಸ್ಥ ಕೇಳಿದ.

"ಚೆನ್ನಾಗೇ ಆಗಿದೆ ಸಾರ್, ಒಂಚೂರೂ ತಪ್ಪಿಲ್ಲ. ಹೊಸದ್ರಲ್ಲಿ ಇದ್ದಿದ್ದೆಲ್ಲ ಹಳೇದಕ್ಕೆ ಹೋಗಿದೆ."

"ಹೊಸದ್ರಲ್ಲಿ ಏನಿತ್ತು?"

"ಏನೂ ಇರ್ಲಿಲ್ಲ ಸಾರ್."

ಗೃಹಸ್ಥನಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಏನೂ ಇಲ್ಲದ್ದನ್ನು ತಂದು, ಎಲ್ಲ ಇದ್ದುದರ ಮೇಲೆ ಕೈಯಾರೆ ಸುರಿದಿದ್ದ. ಸಾಯುತ್ತಿದ್ದ ಡಿಸ್ಕು ತಾನಾಗಿ ಸತ್ತಿದ್ದರೆ ಹಣೆಬರಹ ಎನ್ನಬಹುದಿತ್ತು. ಅದು ಸತ್ತಿರಲಿಲ್ಲ. ಹೇಳಿದ್ದನ್ನೆಲ್ಲ ಬರೆಸಿಕೊಂಡಿತ್ತು, ಕೊನೆಯ ತನಕ.

ಅಂಗಡಿಯವನು ದೊಡ್ಡ ಡಿಸ್ಕುಗಳನ್ನೂ ಪರೀಕ್ಷಿಸಿದ. ಅವು ಗಟ್ಟಿಮುಟ್ಟಾಗಿದ್ದವು. ಎಲ್ಲ ಪದಗಳೂ ಅವುಗಳಲ್ಲೇ ಇದ್ದವು, ಆ ನಗುವೂ ಇತ್ತು. ಬೀಗದ ಕೈ ಮಾತ್ರ ಈ ಲೋಕದಲ್ಲಿ ಎಲ್ಲೂ ಇರಲಿಲ್ಲ. ಅದಿಲ್ಲದೆ ಇವುಗಳನ್ನು ಯಾರೂ ತೆರೆಯಲಾರರು ಎಂದ. ಊರವರ ಮದುವೆಯ ವಿಡಿಯೊಗಳಲ್ಲಿ ಹುಡುಕಿದರೆ ವಾಲಗದ ಸದ್ದಿನ ನಡುವೆ ಅವಳ ದನಿಯ ಚೂರುಪಾರು ಸಿಕ್ಕೀತು. ಮಗಳ ಹೆಸರು ಹಿಡಿದು ಹಾಡಿದ್ದು ಸಿಗುವುದಿಲ್ಲ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಏನಾಯಿತು ಎಂದು ಹುಬ್ಬಿನಲ್ಲೇ ಕೇಳಿದಳು. ಅವಳು ಅವನ ಮುಖ ನೋಡಿಯೇ ತಿಳಿದುಕೊಂಡಳು. ಅವಳ ಕೈ ಗಂಟಲಿಗೆ ಹೋಯಿತು. ಬಾಯಿ ತೆರೆದು ಮಗಳ ಹೆಸರು ಹಾಡಲು ನೋಡಿದಳು. ತುಟಿ ಆಡಿತು, ಕತ್ತಿನ ನರ ಉಬ್ಬಿತು, ಏನೂ ಬರಲಿಲ್ಲ. ಆಪರೇಷನ್ ಆದ ದಿನ ಕೂಡ ಅವಳು ಹಾಗೆ ಮಾಡಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಪರಶಿವಮೂರ್ತಿ ಎದುರಿಗಿದ್ದ ಜಗಲಿಯನ್ನು ನೋಡಿದ. ಅವತ್ತು ಆ ಮನುಷ್ಯ ಅಳುವಾಗ ತಾನು ಪುಸ್ತಕದಿಂದ ತಲೆಯೆತ್ತಿ, ಇದೇನು ಗಲಾಟೆ ಎಂದುಕೊಂಡದ್ದು ನೆನಪಾಗಿ ನಾಚಿಕೆಯಾಯಿತು. "ಅಯ್ಯೋ ಬುದ್ಧಿ" ಎಂದ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ನಾಲಿಗೆ ಕೇಳಬೇಕಲ್ಲ.

"ಅರ್ಥ ಆಯ್ತು ಬುದ್ಧಿ. ದೊಡ್ಡ ಡಿಸ್ಕು ಅಂದ್ರೆ ನಮ್ಮ ಪದಗಳು, ಚಿಕ್ಕದು ಅಂದ್ರೆ ಅವುಗಳ ಅರ್ಥ. ಇನ್ನೊಂದು ಪ್ರತಿ ಇಟ್ಕೊಳ್ಳದೇ ಇದ್ದಿದ್ದೇ ಅವನ ತಪ್ಪು. ನೋಡಿ, ಇದನ್ನ ಇನ್ನೊಂದು ರೀತೀಲೂ ಬಿಡಿಸಬಹುದು" ಎಂದು ಶುರುಮಾಡಿದ. ಇನ್ನೊಂದು ರೀತಿಯಲ್ಲಿ ಬಿಡಿಸಿದ. ಅದಕ್ಕೊಂದು ಉದಾಹರಣೆ ಕೊಟ್ಟ. ಗುರುಗಳು ಎಂದಿನಂತೆ ತಲೆಯಾಡಿಸುತ್ತ ಕೇಳಿದರು. ಕೊನೆಗೆ ಪರಶಿವಮೂರ್ತಿ ಫೋನು ತೆಗೆದು ರೆಕಾರ್ಡಿಗೆ ಹಾಕಿ, ಅವರ ಬಾಯಿಯ ಹತ್ತಿರ ಹಿಡಿದ.

"ಪದ್ಧತಿ ಮುರಿದ್ರೂ ಪರವಾಗಿಲ್ಲ ಬುದ್ಧಿ, ಈಗ್ಲೇ ಹೇಳಿಬಿಡಿ. ನಿಮ್ಮ ಗುರುಗಳು ಆ ಪದಕ್ಕೆ ಏನು ಹೇಳಿದ್ರು?"

ಸಿದ್ಧಬೋರಯ್ಯನವರು ಕಣ್ಣು ಮುಚ್ಚಿದರು. ಹಣೆ ಗಂಟಾಯಿತು. ತುಟಿ ಒಂದೆರಡು ಸಲ ಅಲುಗಿ ನಿಂತಿತು. ಪರಶಿವಮೂರ್ತಿ ಮುಂದಕ್ಕೆ ಬಾಗಿದ. ಗುರುಗಳು ಕಣ್ಣು ತೆರೆದರು. ಅವರ ಮುಖದಲ್ಲಿ ಕೋಪವಿರಲಿಲ್ಲ.

"ಎಷ್ಟು ಹುಡುಕಿದ್ರೂ ಅವರು ಹೇಳಿದ್ದು ಸಿಗ್ತಿಲ್ಲ ಮಗ, ಅದಿದ್ದ ಜಾಗದಲ್ಲಿ ಈಗ ನಿನ್ನ ದನಿ ಒಂದೇ ಕೇಳಿಸ್ತದೆ."

ಪರಶಿವಮೂರ್ತಿ ಫೋನನ್ನು ಹಿಂದಕ್ಕೆ ತೆಗೆದು ರೆಕಾರ್ಡ್ ನಿಲ್ಲಿಸಿದ.