ಅಂಗೈಯಗಲದ ನೆರಳು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಎರಡು ವರ್ಷದಿಂದ ಸೋಮವಾರ ಉಪವಾಸ ಮಾಡುತ್ತಿದ್ದೇನೆ. ಮೊದಮೊದಲು ಮನಸ್ಸು ತಿಳಿಯಾಗಿತ್ತು. ಈಗ ಹಸಿವೊಂದೇ ಉಳಿದಿದೆ. ವ್ರತ ಸಣ್ಣದಾಯಿತೋ ಏನೋ. ಇಪ್ಪತ್ತೊಂದು ದಿನದ ಉಪವಾಸ ಹಿಡಿಯಲೋ, ಬರಿಗಾಲಲ್ಲಿ ಯಾತ್ರೆ ಹೋಗಲೋ? ನೀವೇ ಆರಿಸಿಕೊಡಿ. ಇದೂ ಫಲಿಸದಿದ್ದರೆ ಎಲ್ಲವನ್ನೂ ಬಿಟ್ಟುಬಿಡುತ್ತೇನೆ."

ಗುರುಗಳು ಅವನನ್ನು ಕೂರಿಸಿ ಒಂದು ಕತೆ ಹೇಳಿದರು.

ಒಬ್ಬ ಪಶುವೈದ್ಯನಿದ್ದ. ಕುರಿ ಮೇಯಿಸುತ್ತ ಊರಿಂದೂರಿಗೆ ಹೋಗುವವರ ಬಿಡಾರಗಳಿಗೆ ವ್ಯಾನಿನಲ್ಲಿ ಹೋಗಿ ಲಸಿಕೆ ಹಾಕುವುದು ಅವನ ಕೆಲಸ. ಲಸಿಕೆ ತಣ್ಣಗಿರಬೇಕು. ಬಿಸಿಯಾದರೆ ಅದು ನೀರಿಗೆ ಸಮ. ಅದಕ್ಕೆಂದು ವ್ಯಾನಿನೊಳಗೆ ಒಂದು ಪುಟ್ಟ ಫ್ರಿಜ್ಜು, ಅದಕ್ಕೆ ಕರೆಂಟು ಕೊಡಲು ಚಾವಣಿಯ ಮೇಲೆ ಒಂದು ಸಣ್ಣ ಸೋಲಾರ್ ಫಲಕ ಇತ್ತು. ವರ್ಷವಿಡೀ ಯಾವ ತೊಂದರೆಯೂ ಆಗಲಿಲ್ಲ.

ಆಮೇಲೆ ತಾಲ್ಲೂಕಿನಲ್ಲಿ ಅವನಿಗೊಂದು ಸನ್ಮಾನವಾಯಿತು. ಶಾಲು, ಹಾರ, ಭಾಷಣ. ಅಲ್ಲಿಂದ ಬಂದವನೇ ಚಾವಣಿಯ ನಾಲ್ಕು ಮೂಲೆಗೆ ನಾಲ್ಕು ಮೈಕು ಕಟ್ಟಿಸಿದ. 'ಕುರಿಗಳ ಪ್ರಾಣದಾತ ಡಾಕ್ಟರು ಬರುತ್ತಿದ್ದಾರೆ' ಎಂದು ನಾಲ್ಕು ದಿಕ್ಕಿಗೂ ಕೇಳಬೇಕಲ್ಲ. ಕುರಿಗಾರರಿಗೆ ಅವನ ವ್ಯಾನಿನ ಸದ್ದು ಮೊದಲೇ ಗೊತ್ತಿತ್ತು. ಮೈಕಿನಿಂದ ಆದದ್ದಿಷ್ಟೇ: ಲಸಿಕೆಗೆಂದು ಒಟ್ಟುಗೂಡಿಸಿದ ಕುರಿಗಳು ಬೆದರಿ ಚೆಲ್ಲಾಪಿಲ್ಲಿಯಾಗುತ್ತಿದ್ದವು. ಪಾಪ, ಅವಕ್ಕೆ ಸನ್ಮಾನದ ವಿಷಯ ತಿಳಿದಿರಲಿಲ್ಲ.

ಅದೇ ವಾರದಿಂದ ಮಧ್ಯಾಹ್ನದ ಹೊತ್ತಿಗೆ ಫ್ರಿಜ್ಜು ಸೋಲತೊಡಗಿತು. ಫಲಕ ಸಣ್ಣದಾಯಿತು ಎಂದುಕೊಂಡು ವೈದ್ಯ ಅಂಗಡಿಗೆ ಹೋದ. ಅಂಗಡಿಯವನು ಗಾಜಿನದೊಂದು, ಚಾವಣಿಗೆ ಅಂಟಿಸುವ ತೆಳುವಾದದ್ದೊಂದು, ಅರ್ಧ ಚಾವಣಿ ಮುಚ್ಚುವ ದೊಡ್ಡದೊಂದು ತೋರಿಸಿದ. ವೈದ್ಯ ಎಲ್ಲದರ ತೂಕ, ಶಕ್ತಿ, ಬಾಳಿಕೆ ವಿಚಾರಿಸಿದ. ಅಂಗಡಿಯವನು ಕೇಳಿದ್ದು ಒಂದೇ: "ಚಾವಣಿ ಮೇಲೆ ಬೇರೆ ಏನಾದರೂ ಇದೆಯಾ?"

"ಜಾಗಕ್ಕೇನೂ ಕೊರತೆಯಿಲ್ಲ" ಎಂದು ವೈದ್ಯ ದೊಡ್ಡದನ್ನೇ ತಂದ. ನಾಲ್ಕು ಮೈಕುಗಳ ನಡುವೆ ಅದನ್ನು ಕೂರಿಸಿದ.

ಫ್ರಿಜ್ಜು ಮತ್ತೆ ಸೋತಿತು. ಒಂದು ಪೆಟ್ಟಿಗೆ ಲಸಿಕೆ ಕೆಟ್ಟು, ಅದನ್ನು ಗುಂಡಿಗೆ ಸುರಿಯಬೇಕಾಯಿತು. ಲಸಿಕೆ ಸಿಗದ ಬಿಡಾರದಲ್ಲಿ ಕರುಳುಬೇನೆಗೆ ಹನ್ನೊಂದು ಮರಿ ಸತ್ತವು. ವೈದ್ಯ ಒಳ್ಳೆಯವನು. ಅವನಿಗೆ ಎರಡು ದಿನ ಅನ್ನ ಸೇರಲಿಲ್ಲ. ಇನ್ನೂ ದೊಡ್ಡ ಫಲಕ ತರುವುದೆಂದು ನಿಶ್ಚಯಿಸಿ, ಉಳಿದಿದ್ದ ಒಂದೇ ಪೆಟ್ಟಿಗೆ ಲಸಿಕೆಯೊಂದಿಗೆ ಪಕ್ಕದ ಬಿಡಾರಕ್ಕೆ ಹೊರಟ. ಅಲ್ಲಿ ಮುನ್ನೂರು ಕುರಿಗಳಿದ್ದವು. ತಲುಪುವಷ್ಟರಲ್ಲಿ ಫ್ರಿಜ್ಜಿನ ಕೆಂಪು ದೀಪ ಹೊತ್ತಿಕೊಂಡಿತು.

ದಿಬ್ಬದ ಮೇಲೆ ಕೂತಿದ್ದ ಕುರಿಗಾರ್ತಿಯೊಬ್ಬಳಿಗೆ ವ್ಯಾನಿನ ಚಾವಣಿ ಕಾಣುತ್ತಿತ್ತು. "ಸಾಹೇಬ್ರ, ನಿಮ್ಮ ಹಲಗಿ ಮ್ಯಾಲೆ ಮೈಕಿನ ನೆಳ್ಳು ಬಿದ್ದೈತ್ರಿ" ಎಂದಳು.

"ಅಂಗೈಯಗಲ ನೆರಳಮ್ಮ ಅದು. ಉಳಿದದ್ದೆಲ್ಲ ಬಿಸಿಲಲ್ಲೇ ಇದೆ."

"ನನಗೇನ್ ತಿಳಿತೈತ್ರಿ. ನಮ್ಮ ಕುರಿ ಇಕ್ಕಟ್ಟಿನ ದಾರ್‍ಯಾಗ ಸಾಲಾಗಿ ಹೊಂಟಾಗ ಒಂದು ನಿಂತ್ರ ಹಿಂದಿನವೆಲ್ಲಾ ನಿಂದರ್ತಾವು. ತಗದರ ನೋಡ್ರಿ."

ಬೇರೆ ದಾರಿಯಿರಲಿಲ್ಲ. ವೈದ್ಯ ಸ್ಪ್ಯಾನರ್ ಹಿಡಿದು ಚಾವಣಿ ಹತ್ತಿ ನಾಲ್ಕೂ ಮೈಕು ಬಿಚ್ಚಿದ. ಇಳಿದು ಬಂದು ನೋಡಿದರೆ ಕೆಂಪು ದೀಪ ಆರಿ ಹಸಿರು ಹೊತ್ತಿತ್ತು. ಫಲಕದ ಬಿಲ್ಲೆಗಳೂ ಆ ಕುರಿಗಳ ಹಾಗೆ ಸಾಲಾಗಿ ಜೋಡಿಸಿದವು; ಒಂದಕ್ಕೆ ನೆರಳು ಬಿದ್ದರೆ ಉಳಿದವುಗಳ ಕರೆಂಟೂ ನಿಲ್ಲುತ್ತದೆ. ಪೆಟ್ಟಿಗೆ ತೆರೆದು ಮುಟ್ಟಿದ. ಲಸಿಕೆ ಇನ್ನೂ ತಣ್ಣಗಿತ್ತು. ಎದೆಯ ಮೇಲಿನ ಭಾರ ಇಳಿದು ಅವನು ವ್ಯಾನಿನ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟ. ಕುರಿಗಾರ್ತಿ ಅವನಿಗೊಂದು ಲೋಟ ಮಜ್ಜಿಗೆ ಕೊಟ್ಟಳು. ಸಂಜೆಯೊಳಗೆ ಮುನ್ನೂರು ಕುರಿಗೂ ಲಸಿಕೆ ಬಿತ್ತು. ಆ ಬಿಡಾರಕ್ಕೆ ಬೇನೆ ಕಾಲಿಡಲೇ ಇಲ್ಲ.

ಮನೆಗೆ ಬಂದ ವೈದ್ಯ ಹಳೆಯ ಸಣ್ಣ ಫಲಕವನ್ನೇ ಮತ್ತೆ ಏರಿಸಿದ. ಅಷ್ಟೇ ಸಾಕಾಯಿತು. ದೊಡ್ಡದರ ಮೇಲೆ ಈಗ ಅವನ ಹೆಂಡತಿ ಸಂಡಿಗೆ ಒಣಗಿಸುತ್ತಾಳೆ.

ಕತೆ ಮುಗಿಯಿತು. "ಹಾಗಾದರೆ ನನಗೆ ದೊಡ್ಡ ವ್ರತ ಬೇಡವೇ?" ಎಂದ ಶಿಷ್ಯ.

"ಬೇಡ. ಸೋಮವಾರವೇ ಸಾಕು."

ಶಿಷ್ಯ ನಿಟ್ಟುಸಿರು ಬಿಟ್ಟ. ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡಿತು. ಏಳುವಾಗ ಏನೋ ನೆನಪಾಗಿ, "ಆದರೆ ನನ್ನ ಚಾವಣಿ ಮೇಲೆ ಮೈಕೇನೂ ಇಲ್ಲವಲ್ಲ ಗುರುಗಳೇ" ಎಂದ.

ಗುರುಗಳು ಹೇಳಿದರು: "ನೀನು ಸೋಮವಾರ ಊಟ ಮಾಡುವುದಿಲ್ಲ ಅಂತ ಹಾಲು ಹಾಕುವ ನೀಲವ್ವ ನನಗೆ ಹೋದ ವರ್ಷವೇ ಹೇಳಿದ್ದಳು."