ಕಡ್ಡಿ ತೋರಿಸಿದ ದಿಕ್ಕು

ನಿರಂಜನಯ್ಯನವರ ಆಶ್ರಮ ಹೊಳೆದಂಡೆಯಲ್ಲಿತ್ತು. ಹೊಳೆ ಎಲ್ಲಿ ದಾಟಬೇಕೆಂದು ಕೇಳಿ ಬರುವವರಿಗೆ ಹೇಳಿ ಹೇಳಿ ಶಿಷ್ಯ ಶಿವದೇವನಿಗೆ ಸಾಕಾಗಿತ್ತು.

ಅವನು ಅಂಗಳದಲ್ಲಿ ಜೇಡಿಮಣ್ಣಿನಿಂದ ಹೊಳೆಯ ಮಾದರಿ ಮಾಡಿದ. ಆಚೆ ದಂಡೆಯಲ್ಲಿ ಆಲದ ಮರ, ಅದರ ನೇರಕ್ಕೆ ನೀರು ಮೊಣಕಾಲುದ್ದ; ಎಡಕ್ಕೆ ಆಳದ ಮಡು. ಈಚೆ ದಂಡೆಯ ಮೇಲೆ ಆಲದ ಮರದತ್ತ ತುಸು ಎಡಕ್ಕೆ ಓರೆಯಾಗಿ ಒಂದು ಚಿಕ್ಕ ಕಡ್ಡಿ ಇಟ್ಟ. ಕೇಳಿದವರಿಗೆಲ್ಲ ಒಂದೇ ಮಾತು: "ಕಡ್ಡಿ ತೋರಿಸಿದ ಕಡೆಗೆ ಹೋಗಿ."

ಒಂದು ಬೆಳಿಗ್ಗೆ ಹಾಲವ್ವ ಎಂಬ ಮುದುಕಿ ಮಗಳ ಮನೆಗೆ ಕಡಸು ಹೊಡೆದುಕೊಂಡು ಹೊರಟಿದ್ದಳು. ಮಾದರಿಯ ಮುಂದೆ ಕೂತು ನೋಡಿ ಎದ್ದು ಹೋದಳು. ಬಿಸಿಲೇರುವಷ್ಟರಲ್ಲಿ ಒದ್ದೆ ಸೀರೆಯಲ್ಲಿ ವಾಪಸು ಬಂದಳು. ಕೈಯಲ್ಲಿ ಬರೀ ಹಗ್ಗ.

"ನಿನ್ನ ಕಡ್ಡಿ ತೋರಿಸಿದ ಕಡೆಗೇ ಹೋದೆ ಕಣಪ್ಪ. ನನ್ನ ಕಡಸು ಮಡುವಿನ ಪಾಲಾಯ್ತು."

ಶಿವದೇವನಿಗೆ ಮೈಯೆಲ್ಲ ಉರಿಯಿತು. "ಕಡ್ಡಿ ಸರಿಯಾಗೇ ಇದೆ. ನೀವು ನೋಡಿದ್ದು ತಪ್ಪು. ಅದಕ್ಕೆ ನಾನೇನು ಮಾಡಲಿ?"

ಒಳಗಿನಿಂದ ಗುರುಗಳು ಬಂದರು. "ಆಕೆ ಎಲ್ಲಿ ಕೂತಿದ್ದಳೋ ಅಲ್ಲಿ ಕೂತುಕೋ. ಕಡ್ಡಿ ಎತ್ತ ತೋರಿಸ್ತಿದೆ?"

ಶಿವದೇವ ಕೂತ. "ಆಲದ ಮರದ ಕಡೆಗೆ."

"ಅದು ನಿನಗೆ ಗೊತ್ತಿರೋದು. ಕಾಣೋದನ್ನ ಹೇಳು."

ಅವನು ತಲೆ ತಗ್ಗಿಸಿ ನೋಡಿದ. ನಿಂತು ನೋಡಿದಾಗ ಆಲದ ಮರದತ್ತ ಹೋದಂತಿದ್ದ ಕಡ್ಡಿ, ಕೂತವನ ಕಣ್ಣಿಗೆ ಮೊಟಕಾಗಿ ಎಡಕ್ಕೆ ವಾಲಿಕೊಂಡಿತ್ತು.

"ಮಡುವಿನ ಕಡೆಗೆ ಅನ್ನಿಸುತ್ತೆ," ಎಂದ. ಸಿಟ್ಟು ಇನ್ನೂ ಇಳಿದಿರಲಿಲ್ಲ. "ಆದರೆ ಅದು ಕಣ್ಣಿನ ದೋಷ ಗುರುಗಳೇ. ನಿಂತು ನೋಡಿದ್ದರೆ ಸರಿಯಾಗಿ ಕಾಣ್ತಿತ್ತು."

"ನಿಂತು ನೋಡು ಅಂತ ಹೇಳಿದ್ದೆಯಾ?"

"ಇಲ್ಲ. ಆದರೂ ನನ್ನ ಮಾದರಿಯಲ್ಲಿ ತಪ್ಪಿಲ್ಲ."

"ತಪ್ಪಿಲ್ಲವಲ್ಲ," ಗುರುಗಳ ದನಿ ಗಡುಸಾಯಿತು, "ಹೋಗು, ಹೊಳೆಗಿಳಿದು ಆ ಕಡಸಿಗೆ ಹೇಳಿ ಬಾ."

ಶಿವದೇವ ಎದ್ದು ನಿಂತ.

"ಕೊಟ್ಟಿಗೆಯಲ್ಲಿ ನೀನು ಸಾಕಿದ ಕಡಸು ಇದೆಯಲ್ಲ, ಬಿಚ್ಚಿ ತಾ. ಈ ತಾಯಿಯನ್ನ ನೀನೇ ಆಚೆ ದಂಡೆ ಮುಟ್ಟಿಸು."

ಅವನು ಬಿಚ್ಚಿ ತಂದ. ಹಾಲವ್ವ ಹರಸಲಿಲ್ಲ. "ನನ್ನ ಕಡಸಿನ ಹೆಸರು ಗೌರಿ ಅಂತಿತ್ತು," ಎಂದಷ್ಟೇ ಹೇಳಿದಳು. ನೀರಲ್ಲಿ ಶಿವದೇವ ಕೈ ಚಾಚಿದರೂ ಅವಳು ಹಿಡಿಯದೆ, ಕಡಸಿನ ಬೆನ್ನಿಗೆ ಆತುಕೊಂಡು ದಾಟಿದಳು.

ಅವನು ಮರಳಿ ಬಂದಾಗ ಗುರುಗಳು ಅಂಗಳ ಗುಡಿಸುತ್ತಿದ್ದರು. ಶಿವದೇವ ದೂರದಲ್ಲೇ ನಿಂತ.

"ಇನ್ನು ಮುಂದೆ ದಾರಿ ಕೇಳಿದವರಿಗೆ ಏನು ಹೇಳಲಿ ಗುರುಗಳೇ?"

ಗುರುಗಳು ತಲೆ ಎತ್ತಲಿಲ್ಲ.

"ಮೊದಲು ಅವರ ಪಕ್ಕ ಹೋಗಿ ಕೂತುಕೋ. ಆಮೇಲೆ ಬಾಯಿ ಬಿಡು."