ಮುಷ್ಟಿಯಲ್ಲಿ ಉಳಿದ ಕಾಲಾಳು

"ಕೇಳಿರಪ್ಪೋ, ಮುಳ್ಳುಕೋಟೆಯ ಜನರೇ! ತೀರಿಹೋದ ಯುವರಾಜರ ಚದುರಂಗದ ಮೇಲೆ ಮಹಾರಾಜರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಅರ್ಧ ರಾಜ್ಯ! ಒಂದು ತಪ್ಪಿದರೂ ಯುವರಾಜರ ವರ್ಷದ ತಿಥಿಯಂದು ತಲೆದಂಡ! ಕೇಳಿರಪ್ಪೋ!"

ಡಂಗುರದವನು ಬೀದಿ ದಾಟುವ ಮೊದಲೇ ಆಸೆಬುರುಕರು ಅರಮನೆಯ ದಾರಿ ಹಿಡಿದರು. ಹೋದವರು ಒಬ್ಬರೂ ಹಿಂದಿರುಗಲಿಲ್ಲ. ಕಂಬಳಿ ನೇಯುವ ಕೆಂಚಣ್ಣನೂ ಹೋದ. ಅವನಿಗೆ ರಾಜ್ಯದ ಆಸೆಗಿಂತ ಚದುರಂಗದ ಹುಚ್ಚು ಹೆಚ್ಚು. ಎರಡನೆಯ ಒಗಟಿಗೆ ತಪ್ಪಿ ಅವನೂ ಸೆರೆಮನೆ ಸೇರಿದ. ತಿಥಿಯ ಹಿಂದಿನ ದಿನ, ಅಳುತ್ತ ಕೂತಿದ್ದ ಅವನ ಹೆಂಡತಿಯ ಮುಂದೆ ಅವಳ ತಮ್ಮ ದ್ಯಾವ ಎದ್ದು ನಿಂತ.

"ನಾನು ಹೋಗಿ ಭಾವನ್ನ ಬಿಡಿಸ್ಕೊಂಡು ಬರ್ತೀನಕ್ಕ."

ಅಕ್ಕ ಅವನ ತೋಳು ಹಿಡಿದುಕೊಂಡಳು. ದ್ಯಾವ ಆಳೆತ್ತರ ಬೆಳೆದಿದ್ದರೂ ಅವನ ತಲೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಉಪ್ಪು ತಾ ಎಂದರೆ ಅಂಗಡಿಯ ಮುಂದೆ ನಿಂತು ಏನು ಬೇಕೆಂದು ಮರೆತು ಬರಿಗೈಲಿ ಬರುವವನು. ಊರವರಂತೂ ಪೆದ್ದ ಎಂದು ಹೆಸರಿಟ್ಟು ಕೈತೊಳೆದುಕೊಂಡಿದ್ದರು.

"ಒಬ್ಬರು ಹೋಗಿದ್ದು ಸಾಲ್ದೇನೋ, ನಿನ್ನನ್ನೂ ಕಳ್ಕೋಬೇಕಾ?"

"ನಂಗೂ ಭಯ ಅಕ್ಕ. ಆದ್ರೆ ನಂಗೆ ಆಟ ಕಲಿಸಿದ್ದು ಭಾವ ಅಲ್ವಾ," ಎಂದವನೇ ಹೊರಟ.

ಆಸ್ಥಾನದಲ್ಲಿ ಅವನಿಗಿಂತ ಮುಂದೆ ಇಬ್ಬರಿದ್ದರು. ಅರಸ ಏಚರಸ ಬಾಡಿದ ಮುಖದಲ್ಲಿ ಕೇಳಿದ: "ಅದು ಆಟದ ಹಾಸಿನ ಮೇಲಿಲ್ಲ, ಕಾಯಿಗಳ ಪೆಟ್ಟಿಗೆಯಲ್ಲೂ ಇಲ್ಲ. ಕುದುರೆಗಿಂತ ಮೊದಲು ಓಡುತ್ತದೆ. ಅದು ಓಡಿಹೋದರೆ ರಾಜ ನಿಂತಿದ್ದರೂ ಆಟವಿಲ್ಲ. ಯಾವುದು?"

"ಅದೃಷ್ಟ, ಪ್ರಭು," ಎಂದ ಪಕ್ಕದ ರಾಜ್ಯದ ಚದುರಂಗದ ಹುಲಿ. ಭಟರು ಅವನ ರಟ್ಟೆ ಹಿಡಿದರು.

"ಧೈರ್ಯ," ಎಂದ ದಂಡನಾಯಕನ ಮಗ. ಅವನನ್ನೂ ಎಳೆದೊಯ್ದರು.

ದ್ಯಾವ ಮುಂದೆ ಬಂದ. "ಅಡ್ಡಬಿದ್ದೆ ಬುದ್ಧಿ, ಒಂದೊಂದೇ ಕೇಳ್ಬೇಕು, ನಿಧಾನಕ್ಕೆ. ಇನ್ನೊಂದ್ಸಲ ಹೇಳಿ ಅಂದ್ರೆ ಸಿಟ್ಟಾಗ್ಬಾರ್ದು."

ಸಭೆ ಗೊಳ್ಳೆಂದಿತು. ಅರಸ ಮಾತ್ರ ನಗಲಿಲ್ಲ. ಅವನು ಒಗಟನ್ನು ಹೇಳುತ್ತಿದ್ದ ಹಾಗೇ ಕಿಟಕಿಯಲ್ಲಿ ಪಾರಿವಾಳವೊಂದು ರೆಕ್ಕೆ ಬಡಿಯಿತು. ದ್ಯಾವನ ಕಣ್ಣು ಅತ್ತ ಹೋಯಿತು, ಒಗಟು ಪೂರ್ತಿ ತಪ್ಪಿಹೋಯಿತು. ಇನ್ನೊಮ್ಮೆ ಹೇಳಿಸಿಕೊಂಡ. ಅವನ ಮುಖ ಸಣ್ಣಗಾಯಿತು.

"ಈಗ ಪಾರಿವಾಳದ ಹಿಂದೆ ಓಡ್ತಲ್ಲ ಬುದ್ಧಿ, ಅದೇ. ನನ್ನ ಗಮನ."

"ಸರಿ," ಎಂದ ಅರಸ. "ಈ ಒಗಟು ಕಟ್ಟಿದವನು ನನ್ನ ಮಗ ಮಾಚ. ಉತ್ತರವನ್ನೂ ಅವನೇ ಹೇಳಿದ್ದ. ಎರಡನೆಯದೂ ಅವನದೇ. ಒಂದು ಕಾಯಿಯನ್ನೂ ಮುಟ್ಟದೆ, ಒಂದು ಹೆಜ್ಜೆಯನ್ನೂ ಇಡದೆ, ಆಟದಲ್ಲಿ ಎಲ್ಲರಿಗಿಂತ ದೊಡ್ಡ ಕೆಲಸ ಮಾಡುವವರು ಯಾರು?"

ದ್ಯಾವ ಒಗಟಿನ ಒಂದೊಂದೇ ಮಾತನ್ನು ಬೆರಳು ಮಡಚಿ ಎಣಿಸುತ್ತ ನಿಂತ. ಭಟರು ಹತ್ತಿರ ಬಂದರು. ಅರಸ ಕೈಯೆತ್ತಿ ತಡೆದ.

"ಎದುರಿಗೆ ಕೂತು ಕಾಯೋರು, ಬುದ್ಧಿ. ಕುದುರೆ ನಡಿಗೆ ನಂಗೆ ದಿನಾ ಮರ್ತುಹೋಗೋದು. ನಮ್ಮ ಭಾವ ದಿನಾ ಅದೇ ಮೊದಲ್ನೇ ಸಲ ಅನ್ನೋ ಹಾಗೆ ಹೇಳ್ಕೊಡೋರು. ಕಾಯೋದೂ ಒಂದು ಕೆಲಸ ಅಂತ ಅವರಿಗೆ ಯಾವತ್ತೂ ಅನ್ನಿಸ್ಲಿಲ್ಲ. ಅದಕ್ಕೇ ಅವರಿಗಿದು ಹೊಳೀಲಿಲ್ಲ."

ಅರಸ ಇದೂ ಸರಿ ಎಂದ. ಅವನು ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಕೆಂಪು ಬಣ್ಣದ ಕಾಲಾಳು ಇತ್ತು.

"ಮೂರನೆಯದು ನನ್ನದು. ಇದರ ಉತ್ತರ ನನಗೂ ಗೊತ್ತಿಲ್ಲ. ನನ್ನ ಮಗ ಜ್ವರದಲ್ಲಿ ಪ್ರಾಣ ಬಿಟ್ಟಾಗ ಇದು ಅವನ ಮುಷ್ಟಿಯಲ್ಲಿತ್ತು. ಬೆರಳು ಬಿಡಿಸಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಇದನ್ನು ಏಕೆ ಹಿಡಿದಿದ್ದ?"

ದ್ಯಾವ ಸೊಂಟದ ಗಂಟು ಬಿಚ್ಚಿ ಒಂದು ಹುಣಸೆಬೀಜ ತೆಗೆದ. "ಸರದಿ ಯಾರದು ಅನ್ನೋದೂ ನಂಗೆ ಮರ್ತುಹೋಗುತ್ತೆ. ಅದಕ್ಕೇ ನನ್ನ ಸರದೀಲಿ ಇದು ನನ್ನ ಕೈಲಿರುತ್ತೆ. ಕಾಯಿ ನಡೆಸಿದ್ಮೇಲೆ ಭಾವನ ಕೈಗೆ ಕೊಡ್ತೀನಿ. ಯುವರಾಜರೂ ಹಾಗೇ ಏನಾದ್ರೂ ಕೊಡ್ತಿದ್ರಾ?"

"ಸತ್ತ ಕಾಲಾಳನ್ನು ನನ್ನ ಕೈಗೆ ತುರುಕುತ್ತಿದ್ದ. ಹುಡುಗಾಟ ಎಂದು ನಾನು ಎಸೆಯುತ್ತಿದ್ದೆ."

"ಕೊನೇ ಆಟ ಮುಗೀತಾ, ಬುದ್ಧಿ?"

"ಇಲ್ಲ. ಕುದುರೆಯನ್ನು ಹಿಡಿದು ಕೂತೇ ಇದ್ದ. 'ನಿನಗೆ ಈ ಜನ್ಮದಲ್ಲಿ ಬರುವುದಿಲ್ಲ' ಎಂದು ಬೈದು ಎದ್ದುಬಂದೆ. ಆಮೇಲೆ ಹೇಳಿಕಳಿಸಿದ. ನಾನು ಹೋಗಲಿಲ್ಲ. ಜ್ವರ ಬಂದದ್ದು ಅಂದೇ."

ದ್ಯಾವನ ಕಣ್ಣಲ್ಲಿ ನೀರು ತುಂಬಿತು. "ಹಾಗಾದ್ರೆ ಅವರು ಕುದುರೆ ನಡೆಸಿದ್ರು, ಬುದ್ಧಿ. ಇದನ್ನ ತಗೊಳ್ಳೋಕೆ ಎದುರಿಗೆ ನೀವಿರ್ಲಿಲ್ಲ. ಸರದಿ ನಿಮ್ಮದು."

ಅರಸ ಎದ್ದ. ಆ ಕೊನೆಯ ಆಟ ನಡೆದ, ಅಂದಿನಿಂದ ಬೀಗ ಹಾಕಿಸಿದ್ದ ಕೋಣೆಯನ್ನು ತೆಗೆಸಿದ. ಹಾಸು ಹಾಗೇ ಇತ್ತು, ಧೂಳು ಕೂತಿತ್ತು. ಕುದುರೆ ಮೊದಲಿದ್ದ ಮನೆಯಲ್ಲಿರಲಿಲ್ಲ. ಅರಸ ಬೆರಳಿಟ್ಟು ಎಣಿಸಿದ. ಕುದುರೆಯ ನಡಿಗೆ ಎರಡೂವರೆ ಮನೆ, ಸರಿಯಾಗಿತ್ತು. ಅವನು ನೆಲಕ್ಕೆ ಕುಸಿದು, ಮಗನನ್ನು ಹೆಸರು ಹಿಡಿದು ಕೂಗಿ ಅತ್ತ.

ಅತ್ತು ಮುಗಿದ ಮೇಲೆ ಅರ್ಧ ರಾಜ್ಯ ನಿನ್ನದು ಎಂದ.

"ಅಯ್ಯೋ, ಎಲ್ಲಿಟ್ಟೆ ಅಂತ ಮರ್ತುಬಿಡ್ತೀನಿ ಬುದ್ಧಿ. ಭಾವನ್ನ ಕೊಡಿ. ಉಳಿದವರನ್ನೂ ಬಿಟ್ಬಿಡಿ, ಅವರ ಮನೇಲೂ ಅಳ್ತಿರ್ತಾರೆ."

ಸೆರೆಮನೆಯ ಬಾಗಿಲು ತೆರೆಯಿತು. ಭಾವ ಬರುವವರೆಗೆ ದ್ಯಾವನನ್ನು ಅರಸ ಮಗನ ಜಾಗದಲ್ಲಿ ಕೂರಿಸಿಕೊಂಡ. ತನ್ನ ಕಡೆಯ ಒಂದು ಕಾಯಿ ನಡೆಸಿ, ಕೆಂಪು ಕಾಲಾಳನ್ನು ಅವನ ಕೈಗೆ ಕೊಟ್ಟ. ದ್ಯಾವ ಕುದುರೆಯನ್ನು ಎತ್ತಿ ಹಿಡಿದು ಹಾಗೇ ಕೂತುಬಿಟ್ಟ.

"ಇದು ಹೇಗೆ ನಡೆಯುತ್ತೆ, ಬುದ್ಧಿ?"

ಅರಸ ಹೇಳಿಕೊಟ್ಟ. ದ್ಯಾವ ಮರೆತು ಮತ್ತೆ ಕೇಳಿದ. ಅರಸ ಮತ್ತೆ ಹೇಳಿಕೊಟ್ಟು, ಕಾಯುತ್ತ ಕೂತ.